ಗಡಿಯಾರದ ಮೇಲೊಂದು ಆಡಿಟ್ ಆಕ್ಷೇಪಣೆ

ಇವರಿಗೆ,
ಶ್ರೀ ಸ್ಮಾರ್ಟ್ ಗಡಿಯಾರದವರು,
ನನ್ನ ಎಡಗೈ ಮಣಿಕಟ್ಟು, ರಾಜಾನುಕುಂಟೆ.

ವಿಷಯ: ತಮ್ಮ ಹೆಜ್ಜೆ ಲೆಕ್ಕದಲ್ಲಿ ಕಂಡುಬಂದಿರುವ ನ್ಯೂನತೆಗಳ ಬಗ್ಗೆ.
ಉಲ್ಲೇಖ: ಇಂದು ಬೆಳಿಗ್ಗೆ 5.50ಕ್ಕೆ ನಿದ್ದೆಯಲ್ಲಿದ್ದ ನನ್ನನ್ನು ತಾವು ಅಲುಗಾಡಿಸಿ ಎಬ್ಬಿಸಿದ ಪ್ರಕರಣ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನಾನು ಸಹಕಾರ ಸಂಘಗಳ ಲೆಕ್ಕಪರಿಶೋಧನಾ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಹಾಲಿನ ಡೇರಿ, ನೇಕಾರರ ಸಂಘ, ವ್ಯವಸಾಯ ಸೇವಾ ಸಹಕಾರ ಸಂಘ, ಎಲ್ಲದರ ಪುಸ್ತಕ ತಿರುವಿ ಹಾಕಿದ್ದೇನೆ. ಹಾಲಿಗೆ ನೀರು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಲ್ಯಾಕ್ಟೋಮೀಟರ್ ಇಳಿಬಿಡುವ ಮೊದಲೇ ಕಾರ್ಯದರ್ಶಿಯ ಮುಖ ನೋಡಿ ಹೇಳುತ್ತಾಳೆ ಎಂದು ಆ ಕಾಲಕ್ಕೆ ನನ್ನ ಬಗ್ಗೆ ಒಂದು ಮಾತಿತ್ತು. ಅಂಥವಳು ಹದಿನಾಲ್ಕು ತಿಂಗಳು ತಮ್ಮ ಲೆಕ್ಕಕ್ಕೆ ಕಣ್ಣುಮುಚ್ಚಿ ರುಜು ಹಾಕಿದ್ದು ನನ್ನ ಸರ್ವಿಸಿಗೇ ಕಪ್ಪುಚುಕ್ಕೆ.

ಇದನ್ನು ನಾಲ್ಕು ಜನರ ಮುಂದೆ ಹೇಳಬೇಕಿತ್ತೆ ಎಂದು ತಾವು ಕೇಳಬಹುದು. ನನ್ನ ಲೆಕ್ಕವನ್ನು ಮೊದಲು ಬೀದಿಗೆ ತಂದವರು ತಾವು. ನಾನು ಎಷ್ಟು ಹೆಜ್ಜೆ ಇಟ್ಟೆ ಎಂಬುದು ನನಗೆ ತಿಳಿಯುವ ಮೊದಲೇ ಸಿಯಾಟಲ್‌ನಲ್ಲಿರುವ ಮಗನಿಗೆ ತಿಳಿಯುತ್ತದೆ. ಅವನು ಬೆಳಗಿನ ಕಾಫಿಗೆ ಕೂತಾಗ ನಮಗಿಲ್ಲಿ ರಾತ್ರಿ ಊಟದ ಹೊತ್ತು. ಫೋನು ಬರುತ್ತದೆ. "ಊಟ ಆಯ್ತಾಮ್ಮ" ಎಂಬ ಮಾತು ನಿಂತು ಒಂದು ವರ್ಷವಾಯಿತು. "ಏನಮ್ಮಾ, ಇವತ್ತು ಬರೀ ಸಾವಿರದ ಇನ್ನೂರು?" ಎಂದೇ ಶುರು. ಅತ್ತೆಯ ಮನೆಯಲ್ಲಿ ನಾದಿನಿ ಹೇಳುತ್ತಿದ್ದ ಚಾಡಿಗೂ ಒಂದು ಮಿತಿ ಇತ್ತು ಸ್ವಾಮಿ. ಆಕೆ ರಾತ್ರಿ ನಿದ್ದೆಯನ್ನಾದರೂ ಮಾಡುತ್ತಿದ್ದಳು.

ಪ್ರಕರಣದ ಹಿನ್ನೆಲೆ ಹೀಗಿದೆ. 2024ರ ದೀಪಾವಳಿಗೆ ತಾವು ಪಾರ್ಸೆಲ್ಲಿನಲ್ಲಿ ಬಂದಿರಿ. ಅದಕ್ಕೆ ಒಂದು ತಿಂಗಳು ಮೊದಲು ನನ್ನ ಎಕ್ಸ್‌ರೇ ಬಂದಿತ್ತು. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಎರಡೂ ಮಂಡಿ ಸವೆದಿದೆ. ಬಲಗಡೆ ಗ್ರೇಡ್ ಎರಡು, ಎಡಗಡೆ ಗ್ರೇಡ್ ಮೂರು" ಎಂದರು. ಸೊನ್ನೆಯಿಂದ ನಾಲ್ಕರವರೆಗಿನ ಈ ದರ್ಜೆಗಳನ್ನು ಕೆಲ್‌ಗ್ರೆನ್, ಲಾರೆನ್ಸ್ ಎಂಬಿಬ್ಬರು 1957ರಲ್ಲೇ ಗೊತ್ತುಮಾಡಿಟ್ಟಿದ್ದರಂತೆ. ಇಲಾಖೆಯಲ್ಲಿ ಒಂದು ದರ್ಜೆಯಿಂದ ಇನ್ನೊಂದಕ್ಕೆ ಏರಲು ನನಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಮಂಡಿಗೆ ಬಡ್ತಿ ಅರ್ಜಿ ಹಾಕದೆಯೇ ಸಿಕ್ಕಿತು. ಇದು ಸವೆತ, ಕೀಲು ಕೆಂಪಗೆ ಊದಿಕೊಂಡು ಬಿಸಿಯಾಗುವ ಆಮವಾತವಲ್ಲ, ಅದರ ಖಾತೆಯೇ ಬೇರೆ, ಎಂದೂ ಡಾಕ್ಟರು ಹೇಳಿದರು. ಸವೆತದ ಸಂಘ ಮಾತ್ರ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಲೋಕದಲ್ಲಿ 52 ಕೋಟಿ 80 ಲಕ್ಷ ಸದಸ್ಯರು, ಅವರಲ್ಲಿ ನೂರಕ್ಕೆ ಅರವತ್ತು ಹೆಂಗಸರು. ಇಷ್ಟು ಷೇರುದಾರರಿರುವ ಸಂಘದ ವಾರ್ಷಿಕ ಮಹಾಸಭೆಗೆ ಕುರ್ಚಿ ಹಾಕಿಸಿ ಪೂರೈಸುವುದು ಕಷ್ಟ. ನೆಲದ ಮೇಲೆ ಕೂರಿ ಅನ್ನುವ ಹಾಗಂತೂ ಇಲ್ಲ.

ಆಗ ನನ್ನ ತೂಕ 82 ಕೆ.ಜಿ., ಎತ್ತರ ಐದಡಿ ಒಂದಂಗುಲ. ಈ ತೂಕದಲ್ಲಿ ಒಂದು ಪಾಲು ಇಲಾಖೆಗೆ ಸೇರಬೇಕಾದ್ದು. ಆಡಿಟ್‌ಗೆ ಹೋದ ಕಡೆಯಲ್ಲೆಲ್ಲ ಬೋಂಡ, ಮೈಸೂರ್ ಪಾಕ್, ಗಟ್ಟಿ ಹಾಲಿನ ಕಾಫಿ ಬರುತ್ತಿತ್ತು. ತಿನ್ನದಿದ್ದರೆ "ಮೇಡಂ ಏನೋ ಹಿಡಿದುಬಿಟ್ಟಿದ್ದಾರೆ" ಎಂದು ಸಂಘದವರ ಮುಖ ಬಾಡುತ್ತಿತ್ತು. ಸೌಜನ್ಯಕ್ಕೆ ತಿಂದದ್ದು ಸೊಂಟದಲ್ಲಿ ಠೇವಣಿಯಾಗಿ ಕೂತಿತು.

"ತೂಕ ಇಳಿಸಿ, ಮಂಡಿ ಸುಧಾರಿಸುತ್ತೆ" ಎಂದರು ಡಾಕ್ಟರು.

"ತೂಕ ಹೇಗೆ ಸಾರ್ ಇಳಿಸೋದು?"

"ದಿನಾ ವಾಕಿಂಗ್ ಮಾಡಿ."

"ವಾಕಿಂಗ್‌ಗೆ ಮಂಡಿ ಬಿಡಲ್ಲವಲ್ಲ ಸಾರ್."

"ಅದಕ್ಕೇ ಹೇಳಿದ್ದು, ತೂಕ ಇಳಿಸಿ ಅಂತ."

ಹುಚ್ಚು ಬಿಡುವವರೆಗೆ ಮದುವೆಯಾಗಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡಲ್ಲ. ನಮ್ಮಜ್ಜಿ ಈ ಗಾದೆ ಹೇಳುವಾಗ ನನ್ನ ಮಂಡಿಯ ವಿಷಯ ಆಕೆಗೆ ಹೇಗೆ ಗೊತ್ತಾಯಿತೋ.

ಬಂಧುಬಳಗದವರ ಸಲಹೆಗಳನ್ನು ಇಲ್ಲಿ ಬರೆಯುತ್ತಾ ಹೋದರೆ ರೀಮುಗಟ್ಟಲೆ ಕಾಗದ ಬೇಕು. ಎಕ್ಕದೆಲೆ ಬಿಸಿ ಮಾಡಿ ಕಟ್ಟು ಎಂದವರು ಒಬ್ಬರು, ಟೀವಿಯಲ್ಲಿ ಬರುವ ಎಣ್ಣೆ ತರಿಸು ಎಂದವರು ಒಬ್ಬರು. ಓಡಾಡಿದರೆ ಇನ್ನೂ ಸವೆಯುತ್ತೆ, ಸುಮ್ಮನೆ ಕೂತಿರು ಎಂದು ನಮ್ಮಕ್ಕ. ಕೂತರೆ ಜಾಮ್ ಆಗುತ್ತೆ, ಓಡಾಡು ಎಂದು ಅಕ್ಕನ ಗಂಡ. ಎತ್ತು ಏರಿಗೆಳೆದರೆ ಕೋಣ ನೀರಿಗೆ. "ಬದಲಾಯಿಸಿಬಿಡಿ ಆಂಟಿ, ಈಗ ರೇಟೂ ಇಳಿದಿದೆ" ಎಂದು ಎದುರುಮನೆಯ ಹುಡುಗ ಬೈಕಿನ ಬಿಡಿಭಾಗದ ಧಾಟಿಯಲ್ಲಿ ಹೇಳಿದ. ರೇಟು ಇಳಿದದ್ದು ನಿಜ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು, ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ. ಆದರೆ ಅದಕ್ಕಿನ್ನೂ ಕಾಲ ಬಂದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಇರುವುದನ್ನೇ ರಿಪೇರಿ ಮಾಡಿಕೊಂಡು ನಡೆಸುವುದು ನನಗೆ ಇಲಾಖೆಯಿಂದ ಬಂದ ಅಭ್ಯಾಸ.

ಈ ಹೊತ್ತಿನಲ್ಲಿ ತಾವು ಆಗಮಿಸಿದಿರಿ. ಮೊದಲ ದಿನವೇ ಹತ್ತು ಸಾವಿರ ಹೆಜ್ಜೆಯ ಗುರಿ.

ಇಲ್ಲಿ ನನ್ನ ಮೊದಲ ಆಕ್ಷೇಪಣೆ. ವೋಚರ್ ಎಲ್ಲಿ? ಹತ್ತು ಸಾವಿರ ಎಂಬ ಅಂಕಿಯನ್ನು ಯಾವ ಸಭೆಯಲ್ಲಿ, ಯಾವ ವೈದ್ಯರು ಮಂಜೂರು ಮಾಡಿದರು? ಹುಡುಕುತ್ತಾ ಹೋದಾಗ ಸಿಕ್ಕ ಮೂಲ ದಾಖಲೆ ಯಾವುದು ಗೊತ್ತೆ? ಒಂದು ಜಾಹೀರಾತು. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದಿತು. ಹೆಸರು ಮಾಂಪೊ-ಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ನಾಲಿಗೆಗೆ ಚೆನ್ನಾಗಿ ಕೂತಿತು, ಅಂಕಿ ದುಂಡಗಿತ್ತು, ಉಳಿದುಕೊಂಡಿತು. ತಮ್ಮ ಮುತ್ತಾತನ ಹೆಸರು ನನ್ನ ಮಂಡಿಗೆ ಕಾನೂನಾಯಿತು. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸರಾಸರಿ 72 ವರ್ಷದ 16,741 ಹೆಂಗಸರ ಹೆಜ್ಜೆಗಳನ್ನು ನಿಜವಾಗಿಯೂ ಎಣಿಸಿ ನೋಡಿದಾಗ, ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಿಕ್ಕ ಎರಡೂವರೆ ಸಾವಿರವನ್ನು ಯಾವ ಲೆಕ್ಕಶೀರ್ಷಿಕೆಗೆ ಹಾಕಲಿ?

ಅದೂ ಹೋಗಲಿ. ತಮಗೆ ಉಪಗ್ರಹಗಳ ಜೊತೆ ಮಾತುಕತೆ ಇದೆ, ನಾನು ನಿಂತ ಜಾಗ ಮೇಲಿನಿಂದ ಕಾಣುತ್ತದೆ. ಆದರೂ ರಾಜಾನುಕುಂಟೆ ಸರ್ಕಲ್ಲಿನಲ್ಲಿ "ಏಳಿ, ನಡೆಯಿರಿ" ಎಂದು ಕೈ ನಡುಗಿಸುವ ಧೈರ್ಯ ಹೇಗೆ ಬಂತು? ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆ ಇದು. ಜಲ್ಲಿ ಲಾರಿ, ಕಾಲೇಜು ಬಸ್ಸು, ಕಾಂಕ್ರೀಟ್ ತಿರುಗಿಸುತ್ತಾ ಹೋಗುವ ದೊಡ್ಡಹೊಟ್ಟೆಯ ಗಾಡಿ, ಅಡ್ಡ ಬರುವ ಆಟೊ, ಎಲ್ಲಕ್ಕೂ ಹಕ್ಕಿದೆ. ನಡೆಯುವವರಿಗೆ ಉಳಿದಿರುವುದು ಬಿಳಿ ಪಟ್ಟಿಯಿಂದಾಚೆಯ ಇಳಿಜಾರು. ಅಲ್ಲೂ ಪೈಪಿಗೆ ಅಗೆದ ಮಣ್ಣು. ಇಳಿಜಾರಿನಲ್ಲಿ ನಡೆದರೆ ಒಂದು ಕಾಲು ಮೇಲೆ, ಒಂದು ಕೆಳಗೆ. ಗ್ರೇಡ್ ಎರಡರ ಮಂಡಿಯನ್ನು ಮೂರಕ್ಕೆ ಏರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನಮ್ಮ ಲೇಔಟಿನ ಒಳಗೆ ನಡೆಯೋಣವೆಂದರೆ ನಾಯಿಗಳ ಕಾರ್ಯಕಾರಿ ಸಮಿತಿ ಬೆಳಗ್ಗೆ ಆರಕ್ಕೇ ಸಭೆ ಸೇರುತ್ತದೆ. ಆರೋಗ್ಯವಂತರಾದರೆ ಕಾಲಿಗೆ ಬುದ್ಧಿ ಹೇಳಬಹುದು. ನನ್ನ ಕಾಲು ನನ್ನ ಬುದ್ಧಿ ಕೇಳುವುದನ್ನು ಬಿಟ್ಟು ಬಹಳ ದಿನವಾಗಿದೆ.

ಕೊನೆಗೆ ನಾನು ಕಂಡುಕೊಂಡದ್ದು ರೈಲ್ವೆ ಸ್ಟೇಷನ್ನು. ಹಿಂದೂಪುರ, ಗುಂತಕಲ್ ಕಡೆಗೆ ಹೋಗುವ ದಾರಿಯಲ್ಲಿ ಯಲಹಂಕ ಬಿಟ್ಟರೆ ನಮ್ಮದೇ. ಪ್ಲಾಟ್‌ಫಾರಂ ಉದ್ದಕ್ಕೂ ಸಮತಟ್ಟು, ನಡುನಡುವೆ ಕೂರಲು ಬೆಂಚು, ಮರದ ನೆರಳು. ಟಿಕೆಟ್ ಇಲ್ಲದೆ ಒಳಗೆ ಕಾಲಿಡಲು ಆಡಿಟ್ ಮನಸ್ಸು ಒಪ್ಪದೆ, ಎಷ್ಟೋ ಬೆಳಗ್ಗೆ ಯಲಹಂಕಕ್ಕೆ ಟಿಕೆಟ್ ಕೊಂಡು ರೈಲು ಹತ್ತದೆ ವಾಪಸ್ಸು ಬಂದಿದ್ದೇನೆ. "ಮೇಡಂ, ರೈಲು ಹೋಯ್ತಲ್ಲ" ಎಂದು ಅಲ್ಲಿ ಹೂ ಮಾರುವಾಕೆ ಮೊದಮೊದಲು ಮರುಗುತ್ತಿದ್ದಳು. ಆಮೇಲಾಮೇಲೆ, "ಇವರ ಮಗ ಯಾವ ರೈಲಲ್ಲೋ ಬರಬೇಕಂತೆ, ಪಾಪ, ದಿನಾ ಕಾಯ್ತಾರೆ" ಎಂಬ ಕಥೆ ಹಬ್ಬಿತು. ಅರ್ಧ ನಿಜವೇ ಆದ್ದರಿಂದ ನಾನು ತಿದ್ದಲಿಲ್ಲ.

ಎರಡನೆಯ ಆಕ್ಷೇಪಣೆ ನೇರವಾಗಿ ತಮ್ಮ ಪುಸ್ತಕದ ಮೇಲೆ. ಎರಡೂ ಕೈಯಲ್ಲಿ ಕೋಲು ಹಿಡಿದು ಮುದ್ದೆ ತಿರುವಿದೆ: ತಾವು 140 ಹೆಜ್ಜೆ ಜಮಾ ಮಾಡಿದಿರಿ. ಶನಿವಾರ ಭಜನೆಯಲ್ಲಿ ಕೂತಲ್ಲೇ ತಾಳ ಹಾಕಿದೆ: 600. ಗುಂಡಿ ಬಿದ್ದ ರಸ್ತೆಯಲ್ಲಿ ಆಟೊ ಕುಲುಕಿತು: 900. ಆದರೆ ಸಂತೆಯಿಂದ ಎಡಗೈಯಲ್ಲಿ ತರಕಾರಿ ಚೀಲ ಬಿಗಿಯಾಗಿ ಹಿಡಿದು, ಕೈ ಬೀಸದೆ, ಒಂದೊಂದೇ ಹೆಜ್ಜೆ ಹಲ್ಲುಕಚ್ಚಿ ಮನೆಗೆ ಬಂದೆನಲ್ಲ, ಅದರಲ್ಲಿ ಮುಕ್ಕಾಲು ಪಾಲು ತಮ್ಮ ಪುಸ್ತಕದಲ್ಲಿಲ್ಲ. ಕೈ ಆಡಿದರೆ ಆದಾಯ, ಕಾಲು ಆಡಿದರೆ ಇಲ್ಲ! ಸೋಫಾದ ಮೇಲೆ ಸ್ವಲ್ಪ ಜೋರಾಗಿ ಕೂತರೆ "ಬಿದ್ದಿರಾ?" ಎಂದು ಕೇಳುತ್ತೀರಿ. ಇಷ್ಟು ತೂಕದವಳು ಹಕ್ಕಿಯ ಪುಕ್ಕದ ಹಾಗೆ ಇಳಿಯಬೇಕಿತ್ತೆ? 2025ರ ಫೆಬ್ರುವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆದಾಗ ಐದು ದಿನವೂ ನೆತ್ತಿಯ ಮೇಲೆ ಯುದ್ಧವಿಮಾನಗಳು ಗುಡುಗಿದವು. ತಾವು ಗಳಿಗೆಗೊಮ್ಮೆ "ಇಲ್ಲಿ ಶಬ್ದ ಜಾಸ್ತಿ, ಕಿವಿಗೆ ಹಾನಿ" ಎಂದು ನನಗೇ ನೋಟಿಸ್ ಕೊಟ್ಟಿರಿ. ರಕ್ಷಣಾ ಇಲಾಖೆಗೆ ಪ್ರತಿ ಕಳಿಸಿದ ಹಾಗೆ ಕಾಣಲಿಲ್ಲ.

ಇನ್ನು ನನ್ನದೇ ತಪ್ಪೊಪ್ಪಿಗೆ. ಆಡಿಟರ್ ಆದವಳು ತನ್ನ ಕಡೆಯ ಅವ್ಯವಹಾರವನ್ನು ಮುಚ್ಚಿಡಬಾರದು.

ಏಪ್ರಿಲ್ ತಿಂಗಳು. ಮಂಡಿ ಊದಿಕೊಂಡು ನಾಲ್ಕು ದಿನ ಎದ್ದಿರಲಿಲ್ಲ. ಮಗ ಬೇಜಾರು ಮಾಡಿಕೊಂಡಿದ್ದ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗ, ಹನ್ನೊಂದು ವರ್ಷದವನು, ಲೇಔಟಿನ ಖಾಲಿ ಸೈಟಿಗೆ ಕ್ರಿಕೆಟ್ ಆಡಲು ಹೊರಟಿದ್ದ. ಅವನ ಕೈಗೆ ತಮ್ಮನ್ನು ಕಟ್ಟಿ ಕಳಿಸಿದೆ. ಹಾಜರಿ ಪುಸ್ತಕದಲ್ಲಿ ಇಲ್ಲದ ಕೂಲಿಯ ಹೆಸರು ಬರೆದ ಎಷ್ಟು ಜನರನ್ನು ನಾನು ಹಿಡಿದಿಲ್ಲ! ಅದೇ ಕೈ ಈಗ ಬಕ್ಕಲ್ ಬಿಗಿಯಿತು. ರಾತ್ರಿ ಫೋನು. "ಅಮ್ಮಾ! ಇಪ್ಪತ್ತೊಂದು ಸಾವಿರ!" ದನಿಯಲ್ಲಿ ಸಂತೋಷ ಇರಲಿಲ್ಲ, ಗಾಬರಿ ಇತ್ತು. "ಹಾರ್ಟ್‌ಬೀಟ್ ನೂರಾ ಎಂಬತ್ತು ತೋರಿಸ್ತಿದೆ. ಅಪ್ಪ ಎಲ್ಲಿ? ಆಸ್ಪತ್ರೆಗೆ ಹೋಗಿ!" ಕಳ್ಳಲೆಕ್ಕ ಬರೆಯುವವರು ಯಾವಾಗಲೂ ಒಂದು ಪುಸ್ತಕ ತಿದ್ದಿ ಇನ್ನೊಂದನ್ನು ಮರೆಯುತ್ತಾರೆ ಎಂದು ತರಬೇತಿಗೆ ಬಂದ ಹುಡುಗರಿಗೆ ಪಾಠ ಹೇಳುತ್ತಿದ್ದವಳು ನಾನು. "ನಾಯಿ ಅಟ್ಟಿಸಿಕೊಂಡು ಬಂತು ಕಣೋ" ಎಂದೆ. "ನೀನು ಓಡಿದ್ಯಾ?" ಎಂದ. ಆ ಪ್ರಶ್ನೆಯಲ್ಲಿದ್ದ ಬೆರಗು ಈಗಲೂ ಚುಚ್ಚುತ್ತದೆ.

ಆ ಸುಳ್ಳಿನ ದೆಸೆಯಿಂದ ಒಂದು ಒಳ್ಳೆಯದಾಯಿತು. ಮಗ ಅಲ್ಲಿಂದಲೇ ದುಡ್ಡು ಹಾಕಿ, ಯಲಹಂಕದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿಯ ಹತ್ತಿರ ಹೆಸರು ಬರೆಸಿದ. ಬಿಜಾಪುರದ ಕಡೆಯವಳು, ಮಾತು ಖಡಕ್ಕು. ನನ್ನ ಎಕ್ಸ್‌ರೇ ನೋಡಲೇ ಇಲ್ಲ. "ಎದ್ದು ನಿಂದರ್ರಿ ಅಮ್ಮಾರ, ಕೈ ಊರಬ್ಯಾಡ್ರಿ" ಎಂದಳು. ಕುರ್ಚಿಯಿಂದ ಕೈ ಊರದೆ ಏಳಲು ನನಗಾಗಲಿಲ್ಲ. "ಮಂಡಿ ಸುದ್ದಿ ಆಮ್ಯಾಲೆ. ಮೊದಲ ನಿಮ್ಮ ತೊಡಿ ಮಲಗ್ಯಾವ" ಎಂದಳು.

ನಾನು ಇಷ್ಟು ದಿನ ಮಂಡಿಯನ್ನು ಗಾಡಿಯ ಟೈರಿನಂತೆ ತಿಳಿದಿದ್ದೆ, ಉರುಳಿದಷ್ಟೂ ಸವೆಯುತ್ತದೆ ಎಂದು. ಅವಳು ಬೇರೆ ಲೆಕ್ಕ ಕೊಟ್ಟಳು. ಮೂಳೆಯ ತುದಿಗೆ ಮೆತ್ತಿಕೊಂಡಿರುವ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಅದಕ್ಕೆ ಅನ್ನಾಹಾರವೆಲ್ಲ ಕೀಲಿನೊಳಗಿನ ದ್ರವದಿಂದ. ಭಾರ ಬಿದ್ದಾಗ ಹಿಂಡಿಕೊಳ್ಳುತ್ತದೆ, ಭಾರ ಇಳಿದಾಗ ದ್ರವ ಹೀರುತ್ತದೆ. ಸರ್ಕಾರದವರು ಊರಮುಂದೆ ಹಾಕಿಸುತ್ತಿದ್ದ ಬೋರ್‌ವೆಲ್ ಕೈಪಂಪು ನೆನಪಾಯಿತು. ಒತ್ತಬೇಕು, ಬಿಡಬೇಕು, ಒತ್ತಬೇಕು. ಬೇಸಿಗೆ ಪೂರ್ತಿ ಮುಟ್ಟದೆ ಬಿಟ್ಟರೆ ವಾಷರು ಒಣಗಿ ಕಿರ್ರೋ ಎನ್ನುತ್ತದೆ. ಹತ್ತು ಹುಡುಗರು ಒಟ್ಟಿಗೆ ಜೋತುಬಿದ್ದರೆ ಹಿಡಿಯೇ ಮುರಿಯುತ್ತದೆ. ಸುಮ್ಮನೆ ಕೂತಿರು ಎಂದ ಅಕ್ಕ ವಾಷರು ಒಣಗಿಸುವವರು, ಹತ್ತು ಸಾವಿರ ಎನ್ನುವ ತಾವು ಹಿಡಿ ಮುರಿಯುವವರು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಿದ್ದರೆ ನೆಲದಿಂದ ಬರುವ ಪೆಟ್ಟನ್ನು ಅದು ಮೊದಲು ತಾಳಿಕೊಳ್ಳುತ್ತದೆ. ನೋವಿಗೆ ಹೆದರಿ ಕೂತಷ್ಟೂ ಅದು ಕರಗುತ್ತದೆ, ಪೆಟ್ಟು ನೇರ ಕೀಲಿಗೆ.

ಅವಳು ಹೇಳಿಕೊಟ್ಟದ್ದು ಕೇಳಿದರೆ ತಮಗೆ ನಗು ಬರಬಹುದು. ಮಲಗಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಹತ್ತು ಎಣಿಸುವುದು. ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣು ಎತ್ತಿ ಹಿಡಿಯುವುದು. ಎರಡು ದಿಂಬು ಹಾಕಿ ಎತ್ತರಿಸಿದ ಕುರ್ಚಿಯಿಂದ ಕೈ ಕಟ್ಟಿಕೊಂಡು ಏಳುವುದು, ನಿಧಾನವಾಗಿ ಕೂರುವುದು. ಹದಿನೈದು ದಿನಕ್ಕೊಂದು ದಿಂಬು ತೆಗೆಯುವುದು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಕೋಲು ಹಿಡಿದರೆ ನೋವಿರುವ ಕಾಲಿನ ಎದುರು ಕೈಯಲ್ಲಿ; ನಾನು ಎರಡು ವರ್ಷ ಅದೇ ಪಕ್ಕದಲ್ಲಿ ಹಿಡಿದಿದ್ದೆ. ನೋವು ಹತ್ತಕ್ಕೆ ಮೂರೋ ನಾಲ್ಕೋ ಬಂದರೆ ಹೆದರಬೇಡಿ, ಮರುದಿನ ಬೆಳಗ್ಗೆಗೆ ಹಳೇ ಮಟ್ಟಕ್ಕೆ ಇಳಿದಿದ್ದರೆ ಸರಿ, ಇಳಿಯದಿದ್ದರೆ ಒಂದು ಸುತ್ತು ಕಡಿಮೆ. ಇಷ್ಟೇ ಶಾಸ್ತ್ರ. ಆ ನೋವಿನ ಲೆಕ್ಕಕ್ಕೆ ಮಾತ್ರ ನಾನು ಈಗಲೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ.

ಮೊದಲ ದಿನ ಬೆವರಿಳಿಯುವಂತೆ ನಲವತ್ತು ನಿಮಿಷ ಇದನ್ನೆಲ್ಲ ಮಾಡಿ, ಆಸೆಯಿಂದ ತಮ್ಮ ಮುಖ ನೋಡಿದೆ. ಹೆಜ್ಜೆ: 0. ಜೊತೆಗೆ ಒಂದು ಕಂಪನ: "ಬಹಳ ಹೊತ್ತಿನಿಂದ ಕೂತಿದ್ದೀರಿ, ಏಳಿ."

ಅಯ್ಯೋ ನಿನ್ನ! ನಾನು ಎದ್ದದ್ದೇ ಮೂವತ್ತು ಸಲ ಕಣೋ, ಕುರ್ಚಿಯಿಂದ, ಕೈ ಊರದೆ! ಮೂವತ್ತು ಸಲ! ನಿನ್ನ ಬಕ್ಕಲ್ ಕಿತ್ತು ಬಾವಿಗೆ ಹಾಕ!

ಕ್ಷಮಿಸಿ. ತಾವು ಎಂದು ಓದಿಕೊಳ್ಳತಕ್ಕದ್ದು.

ಕುರ್ಚಿ ವ್ಯಾಯಾಮ ಸೋಮಾರಿಗಳದ್ದು ಎಂದು ನಮ್ಮ ಬೀದಿಯ ಒಬ್ಬ ಮಹನೀಯರ ಅಭಿಪ್ರಾಯ. ದಿನಾ ಶೀರ್ಷಾಸನ ಹಾಕುವವರು. ಅವರಿಗೆ ನಾನು ಬಿ.ಕೆ.ಎಸ್. ಅಯ್ಯಂಗಾರರ ಹೆಸರು ಹೇಳಬೇಕಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ, ಟೈಫಾಯ್ಡ್ ಎಲ್ಲಕ್ಕೂ ಸಿಕ್ಕಿ ನರಪೇತಲನಾಗಿದ್ದ ಹುಡುಗ. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರಿಂದ ಯೋಗ ಕಲಿತು ಲೋಕಕ್ಕೆ ಕಲಿಸಿದರು. ಬಗ್ಗದವರನ್ನು ಬೈಯುವ ಬದಲು ಕುರ್ಚಿ, ಹಗ್ಗ, ಬೆಲ್ಟು, ಮರದ ದಿಮ್ಮಿ ಕೊಟ್ಟು ಆಸನಕ್ಕೆ ಕೂರಿಸಿದವರು. ಶೀರ್ಷಾಸನದ ಮಹನೀಯರು ತಲೆಕೆಳಗಾಗಿಯೇ ಕೇಳಿಸಿಕೊಂಡರು.

"ನಮ್ಮ ಹಿರಿಯರು ಕುಕ್ಕರಗಾಲಲ್ಲೇ ಬದುಕಿದರು, ಅವರಿಗೆಲ್ಲಿ ಮಂಡಿ ನೋವು?" ಎಂಬುದು ಅವರ ಇನ್ನೊಂದು ಬಾಣ. ಹಾಲಿನ ಡೇರಿಗಳಲ್ಲಿ ಬೆಳಗಿನ ಜಾವ ಕೂತು ಆಡಿಟ್ ಮಾಡಿದ ನಾನು ಆ ಹಿರಿಯರನ್ನು ಕಂಡಿದ್ದೇನೆ. ಕುಕ್ಕರಗಾಲಲ್ಲಿ ಕೂತು ನಾಲ್ಕು ಹಸು ಕರೆದು, ಕ್ಯಾನು ಹೊತ್ತು ಬರುವಾಗ ಬಾತುಕೋಳಿಯ ಹಾಗೆ ಅತ್ತಿತ್ತ ವಾಲುತ್ತಿದ್ದರು. ಕೇಳಿದರೆ "ಕಾಲೆಳೆತ ಕಣವ್ವ, ವಯಸ್ಸಾಯ್ತಲ್ಲ" ಎನ್ನುತ್ತಿದ್ದರು. ಅವರಿಗೂ ಎಕ್ಸ್‌ರೇ ತೆಗೆಸಿದ್ದರೆ ಯಾವ ದರ್ಜೆ ಬರುತ್ತಿತ್ತೋ. ಬೀಜಿಂಗ್‌ನ ವಯಸ್ಸಾದ ಹೆಂಗಸರ ಮಂಡಿಯನ್ನೂ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಹೆಂಗಸರ ಮಂಡಿಯನ್ನೂ ಹೋಲಿಸಿ 2001ರಲ್ಲಿ ಒಂದು ಅಧ್ಯಯನ ಬಂತು. ಬೀಜಿಂಗ್‌ನವರು ತೆಳ್ಳಗಿದ್ದರು, ಆದರೂ ಅವರದ್ದೇ ಹೆಚ್ಚು ಸವೆದಿತ್ತು. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತದ್ದು ಒಂದು ಕಾರಣವಿರಬೇಕೆಂದು ಸಂಶೋಧಕರು ಆಮೇಲಿನ ಅಧ್ಯಯನದಲ್ಲಿ ತೀರ್ಮಾನಿಸಿದರು. ಆದ್ದರಿಂದ ಪಾಶ್ಚಾತ್ಯ ಕಮೋಡು ಹಾಕಿಸಿದ್ದಕ್ಕೆ ನನಗೆ ಯಾವ ಸಾಂಸ್ಕೃತಿಕ ಪಶ್ಚಾತ್ತಾಪವೂ ಇಲ್ಲ.

ಫಿಸಿಯೋಥೆರಪಿಸ್ಟ್ ಹುಡುಗಿ ಹೇಳಿದ ಇನ್ನೊಂದು ವ್ಯಾಯಾಮ ಸೈಕಲ್. ಮೈಭಾರ ಸೀಟಿನ ಮೇಲೆ, ಮಂಡಿ ಸುಮ್ಮನೆ ತಿರುಗುತ್ತದೆ, ಕೈಪಂಪು ಆಡುತ್ತದೆ. ಜಿಮ್ಮಿನ ಸೈಕಲ್ಲಿಗೆ ದುಡ್ಡು ಯಾರು ಕೊಡುತ್ತಾರೆ? ಮನೆಗೆಲಸದಾಕೆಯ ದೊಡ್ಡ ಮಗಳ ಸೈಕಲ್ ಅವರ ಗೋಡೆಗೆ ಒರಗಿತ್ತು. ಸರ್ಕಾರ 2006–07ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಎಂಟನೇ ಕ್ಲಾಸಿಗೆ ಸಿಕ್ಕಿದ್ದು. ಆ ಮಗಳು ಈಗ ಡಿಗ್ರಿ ಮುಗಿಸಿ ಸ್ಕೂಟಿ ಓಡಿಸುತ್ತಾಳೆ. ಬಾಡಿಗೆ ಕೊಟ್ಟು ತಂದು, ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವಂತೆ ಕಾರ್ ಷೆಡ್ಡಿನಲ್ಲಿ ನಿಲ್ಲಿಸಿ ತುಳಿಯತೊಡಗಿದೆ. ಶಾಲಾ ಮಕ್ಕಳ ಸೈಕಲ್ಲನ್ನು ಅನ್ಯ ಉದ್ದೇಶಕ್ಕೆ ಬಳಸಿದ್ದು ನಿಯಮಬಾಹಿರ. ನನ್ನ ಮೇಲೇ ಒಂದು ಪ್ಯಾರಾ ಬರೆದುಕೊಂಡಿದ್ದೇನೆ. "ಎಲ್ಲಿಗೆ ಸವಾರಿ?" ಎಂದು ಹಾಲಿನವನು ದಿನಾ ಕೇಳುತ್ತಾನೆ. "ಮಧುರೆ ದಾಟಿದೆ" ಎನ್ನುತ್ತೇನೆ. ತಮ್ಮ ಪುಸ್ತಕದಲ್ಲಿ ಅದೂ ಸೊನ್ನೆ. ಹ್ಯಾಂಡಲ್ ಹಿಡಿದ ಕೈ ಆಡುವುದಿಲ್ಲವಲ್ಲ.

ತೂಕದ ಬಾಬ್ತು. ವ್ಯಾಯಾಮ ಮಾಡಿದರೆ ತೂಕ ತಾನಾಗಿ ಇಳಿಯುತ್ತದೆ ಎಂದು ನಾನೂ ನಂಬಿದ್ದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ದಪ್ಪ ಮೈಯ, ಮಂಡಿ ಸವೆದ 454 ಜನರನ್ನು ಮೂರು ಗುಂಪು ಮಾಡಿ ಹದಿನೆಂಟು ತಿಂಗಳು ನೋಡಿದರು, 2013ರಲ್ಲಿ ಫಲಿತಾಂಶ ಬಂತು. ಬರೀ ವ್ಯಾಯಾಮ ಮಾಡಿದವರು ಸರಾಸರಿ ಇಳಿಸಿದ್ದು 1.8 ಕೆ.ಜಿ. ಬರೀ ಊಟ ಕಟ್ಟುಮಾಡಿದವರು 8.9. ಎರಡೂ ಮಾಡಿದವರು 10.6, ನೋವು ಹೆಚ್ಚು ಇಳಿದದ್ದೂ ಅವರಿಗೇ. ಅಂದರೆ ಬೆವರು ಮಂಡಿಗೆ, ಬಾಯಿಗೆ ಬೀಗ ತೂಕಕ್ಕೆ. ಒಂದರ ಖಾತೆಯಿಂದ ಇನ್ನೊಂದರ ಸಾಲ ತೀರದು. ಎರಡು ಮುದ್ದೆ ಒಂದಾಯಿತು, ಹುರುಳಿಕಾಳಿನ ಬಸ್ಸಾರಿನಲ್ಲಿ ಕಾಳು ಜಾಸ್ತಿಯಾಯಿತು. ಸರ್ಕಲ್ಲಿನ ಬೇಕರಿಯ ದಿಲ್‌ಪಸಂದನ್ನು ಈಗ ಮನಸ್ಸಿನಲ್ಲೇ ತಿನ್ನುತ್ತೇನೆ, ಮಂಡಿಗೆ ತಿಂದ ಹಾಗೆ. ಮಂಡಿಗಾಗಿ ಮಂಡಿಗೆ, ಬೇರೆ ದಾರಿಯಿಲ್ಲ. ಯಜಮಾನರು ಮಾತ್ರ ನನ್ನೆದುರಿಗೇ ಖಾರಾಬನ್ ತಿನ್ನುತ್ತಾರೆ. ಅವರ ಮಂಡಿ ಇನ್ನೂ ಗ್ರೇಡ್ ಸೊನ್ನೆ, ಅದಕ್ಕೇ ಈ ಅಹಂಕಾರ.

ಇವತ್ತಿಗೆ 75 ಕೆ.ಜಿ. ಏಳು ಕೆ.ಜಿ.ಯ ಖೋತಾ. "ಏಳು ಅಷ್ಟೇನಾಮ್ಮ?" ಎಂದ ಮಗ. ಅವನಿಗೆ ಲೆಕ್ಕ ಕಲಿಸಿದವಳು ನಾನೇ, ಆದರೂ ಇದನ್ನು ಬಿಡಿಸಿ ಹೇಳಬೇಕಾಯಿತು. 2005ರ ಒಂದು ಅಧ್ಯಯನದ ಪ್ರಕಾರ ಮೈಯಿಂದ ಒಂದು ಕೆ.ಜಿ. ಇಳಿದರೆ, ಇಡುವ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕೆ.ಜಿ. ಇಳಿಯುತ್ತದೆ. ಏಳು ನಾಲ್ಕಲೆ ಇಪ್ಪತ್ತೆಂಟು. ದಿನಕ್ಕೆ ಮೂರು ಸಾವಿರ ಹೆಜ್ಜೆ ಎಂದು ಹಿಡಿದರೆ ಎರಡೂ ಮಂಡಿ ಸೇರಿ 84 ಟನ್. ಹದಿನಾರು ಟನ್ನಿನ ಜಲ್ಲಿ ಲಾರಿಯಾದರೆ ಐದು ಲಾರಿ ತುಂಬಿ, ಮೇಲೆ ಒಂದು ಟೆಂಪೊ. ಅಷ್ಟೂ ಲಾರಿಗಳು ದಿನಾ ನನ್ನ ಮಂಡಿಯ ಮೇಲೆ ಹೋಗದೆ ಬೈಪಾಸಿನಲ್ಲಿ ಹೋಗುತ್ತಿವೆ. ಇದನ್ನು ತಮ್ಮ ಪರದೆಯ ಯಾವ ಮೂಲೆಯಲ್ಲಿ ತೋರಿಸಿದ್ದೀರಿ?

ಕಳೆದ ವಾರದ ಘಟನೆಯೊಂದನ್ನು ದಾಖಲಿಸಿ ಮುಗಿಸುತ್ತೇನೆ. ದೊಡ್ಡಬಳ್ಳಾಪುರದಲ್ಲಿರುವ ಅಕ್ಕನ ಮನೆಗೆ ನಾನು ಎರಡು ವರ್ಷದಿಂದ ಬಸ್ಸಿನಲ್ಲಿ ಹೋಗಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಮಾಡಿತು, ಮೆಟ್ಟಿಲಿನ ಎತ್ತರ ಇಳಿಸಲಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮಂಡಿಯ ಮಟ್ಟಕ್ಕೆ ಬರುತ್ತದೆ. ಹಿಂದೊಮ್ಮೆ ಹತ್ತಲಾರದೆ ನಿಂತಾಗ ಬಸ್ಸಿಗೆ ಬಸ್ಸೇ ಕತ್ತು ಚಾಚಿ ನೋಡಿತ್ತು. ಕಂಡಕ್ಟರ್ ಇಳಿದು ಬಂದು, "ಕೈ ಕೊಡಿ ಅಜ್ಜಿ" ಎಂದಿದ್ದ. ನೋವಿಗಿಂತ ಆ ಅಜ್ಜಿ ಹೆಚ್ಚು ನೋಯಿಸಿತ್ತು. ಆಮೇಲೆ ಆಟೊಕ್ಕೆ ಸುರಿದ ದುಡ್ಡಿನಲ್ಲಿ ಶಕ್ತಿ ಯೋಜನೆಯ ಉಳಿತಾಯವೆಲ್ಲ ಸಮವಾಯಿತು.

ಕಳೆದ ಗುರುವಾರ ಸರ್ಕಲ್ಲಿನಲ್ಲಿ ಬಸ್ಸು ಬಂತು. ಬಲಗಾಲು ಮೇಲಿಟ್ಟೆ, ಒಳ್ಳೆ ಕಾಲು ಮೊದಲು. ಕಂಬಿಯನ್ನು ಸುಮ್ಮನೆ ಮುಟ್ಟಿಕೊಂಡೆ, ಜಗ್ಗಲಿಲ್ಲ. ತೊಡೆ ಎಚ್ಚರವಾಗಿತ್ತು. ಎದ್ದೆ. ಎಡಗಾಲು ಹಿಂದೆಯೇ ಬಂತು, ಹತ್ತಕ್ಕೆ ಎರಡು ನೋವು. ಯಾರೂ ನೋಡಲಿಲ್ಲ. ಹಿಂದಿನಿಂದ ಒಬ್ಬಾಕೆ, "ಒಳಗೆ ಹೋಗ್ರೀ, ಜಾಗ ಬಿಡ್ರೀ" ಎಂದು ಗದರಿದಳು. ಎಷ್ಟು ಖುಷಿಯಾಯಿತು ಎಂದರೆ, ಆಕೆಗೆ ಕಾಫಿ ಕೊಡಿಸಬೇಕೆನಿಸಿತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ, ಮುಖವನ್ನೂ ನೋಡದೆ ಟಿಕೆಟ್ ಹರಿದು ಕೊಟ್ಟ. ಮೊತ್ತದ ಜಾಗದಲ್ಲಿ ಸೊನ್ನೆ ಇತ್ತು.

ದೊಡ್ಡಬಳ್ಳಾಪುರ ತಲುಪುವ ಹೊತ್ತಿಗೆ ಬಸ್ಸಿನ ಕುಲುಕಾಟಕ್ಕೆ ತಾವು 1,340 ಹೆಜ್ಜೆ ಜಮಾ ಮಾಡಿದ್ದಿರಿ. ಮೆಟ್ಟಿಲು ಹತ್ತಿದ್ದಕ್ಕೆ ಏನೂ ಇಲ್ಲ.

ಈ ಆಕ್ಷೇಪಣೆಗಳಿಗೆ ತಮ್ಮ ಅನುಪಾಲನಾ ವರದಿಯನ್ನು ಮೂವತ್ತು ದಿನದೊಳಗೆ ಸಲ್ಲಿಸತಕ್ಕದ್ದು. ಅಲ್ಲಿಯವರೆಗೆ ತಾವು ಹೊತ್ತು ತೋರಿಸುವ ಕೆಲಸದಲ್ಲಿ ಮುಂದುವರಿಯಬಹುದು. ಬೆಳಿಗ್ಗೆ 5.50ರ ಕಂಪನವನ್ನು ಈ ಕೂಡಲೇ ಹಿಂಪಡೆಯಲಾಗಿದೆ. ಅದನ್ನು ಎಲ್ಲಿ ಒತ್ತಿ ನಿಲ್ಲಿಸಬೇಕೆಂದು ಕ್ರಿಕೆಟ್ ಆಡುವ ಹುಡುಗ ತೋರಿಸಿಕೊಟ್ಟ.

ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪರಿಶೋಧಕಿ,
ರಾಜಾನುಕುಂಟೆ

ಪ್ರತಿ: 1. ಮಗನಿಗೆ, ಸಿಯಾಟಲ್ (ಏಪ್ರಿಲ್ ತಿಂಗಳ ನಾಯಿಯ ವಿಷಯ ಓದಿಕೊಂಡು ಕೋಪ ಮಾಡಿಕೊಳ್ಳಬಾರದಾಗಿ ಕೋರಿಕೆ). 2. ಅಕ್ಕನಿಗೆ ಮತ್ತು ಭಾವನವರಿಗೆ, ಬೇರೆ ಬೇರೆ ಲಕೋಟೆಯಲ್ಲಿ. 3. ಕಚೇರಿ ಪ್ರತಿ.

ಲಗತ್ತು: ರಾಜಾನುಕುಂಟೆಯಿಂದ ದೊಡ್ಡಬಳ್ಳಾಪುರಕ್ಕೆ, ಶೂನ್ಯ ದರದ ಬಸ್ ಟಿಕೆಟ್, ಒಂದು.